ಕೆಂಚನ ಬಲಗೈ

ಕೋಗಿಲು ಗ್ರಾಮದ ಲಕ್ಕಣ್ಣನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಇದು ಚಾಡಿಯಲ್ಲ, ಊರಿಗೆ ಊರೇ ಬಲ್ಲ ಸಂಗತಿ. ಅವನು ನಿಲ್ಲು ಎಂದರೆ ಎತ್ತು ನಡೆಯುತ್ತಿತ್ತು, ನಡೆ ಎಂದರೆ ಮಲಗುತ್ತಿತ್ತು. ಮಕ್ಕಳನ್ನು ಕರೆದರೆ ಅವು ಗೋಲಿ ಎತ್ತಿಕೊಂಡು ಇನ್ನೊಂದು ಬೀದಿಗೆ ಹೋಗುತ್ತಿದ್ದವು. ತಾಯಿ ಸೊಣ್ಣಮ್ಮನಿಗೆ ಹಿತ್ತಿಲಲ್ಲಿ ಕೋಳಿ ಕೆದಕಿದ್ದೂ ಕೇಳಿಸುತ್ತಿತ್ತು, ಮಗ ಬಾಯಿ ತೆರೆದ ಕೂಡಲೇ ಕಿವಿ ಮಂದವಾಗುತ್ತಿತ್ತು. ಹೆಂಡತಿ ವೆಂಕಟಲಕ್ಷ್ಮಮ್ಮ ಮಾತ್ರ ಎಲ್ಲವನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಂಡು ತನಗೆ ತೋಚಿದ್ದನ್ನು ಮಾಡುತ್ತಿದ್ದಳು. ಇನ್ನು ಅರಳಿಕಟ್ಟೆಯ ಮೇಲೆ ಲಕ್ಕಣ್ಣ ಮಾತು ತೆಗೆದನೆಂದರೆ ಅದೇ ಗಳಿಗೆಗೆ ಎಲ್ಲರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಇಂಥ ಲಕ್ಕಣ್ಣನಿಗೆ ಕಿವಿಗೊಡುತ್ತಿದ್ದ ಜೀವ ಒಂದೇ ಒಂದು. ಅದು ಕೆಂಚ, ದ್ರಾಕ್ಷಿ ತೋಟದ ಕಾವಲಿಗೆಂದು ಸಾಕಿದ ಕೆಂಬಣ್ಣದ ನಾಟಿ ನಾಯಿ. ಚಪ್ಪರದ ಕೆಳಗೆ ಕೂತು ಅವನು ಎತ್ತಿನ ಮೇಲೆ, ಹೆಂಡತಿಯ ಮೇಲೆ, ಸರ್ಕಾರದ ಮೇಲೆ ದೂರು ಹೇಳುತ್ತಿದ್ದರೆ ಅದು ತಲೆ ಓರೆ ಮಾಡಿಕೊಂಡು ಕೊನೆಯವರೆಗೂ ಕೇಳುತ್ತಿತ್ತು. ನಡುವೆ ಎದ್ದು ಹೋದದ್ದೇ ಇಲ್ಲ. ಲಕ್ಕಣ್ಣನಿಗೆ ಅದರ ಮೇಲೆ ಮಕ್ಕಳ ಮೇಲಿದ್ದಷ್ಟೇ ಪ್ರೀತಿ. ಮಕ್ಕಳು ರಚ್ಚೆ ಹಿಡಿದ ದಿನ ತುಸು ಹೆಚ್ಚೇ.

ಇಷ್ಟರಲ್ಲೇ ತೃಪ್ತನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂದು ದಿನ ಅವನು ಕೆಂಚನನ್ನೂ ಜೊತೆಗೆ ಕರೆದುಕೊಂಡು ಜಕ್ಕೂರಿನ ವಿಮಾನದ ಮೈದಾನಕ್ಕೆ ದ್ರಾಕ್ಷಿ ಕೊಡಲು ಹೋದ. ಅಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಬಂದಿದ್ದ ಒಬ್ಬ ಸಾಹೇಬರು ತಮ್ಮ ನಾಯಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾಯಿ ಕುಂಡೆಯೂರಿ ಕೂತು ಮುಂಗಾಲೆತ್ತಿ ಅವರ ಕೈ ಕುಲುಕಿತು. ಲಕ್ಕಣ್ಣ ಬುಟ್ಟಿ ಇಳಿಸುವುದನ್ನೂ ಮರೆತು ನಿಂತುಬಿಟ್ಟ. ಸಾಹೇಬರು ನಗುತ್ತ, ನಿನ್ನ ನಾಯಿ ಏನು ಮಾಡುತ್ತದಪ್ಪ ಎಂದು ಕೇಳಿದರು. ಲಕ್ಕಣ್ಣನ ನಾಯಿ ಆ ಹೊತ್ತಿಗೆ ಸಾಹೇಬರ ವಿಮಾನದ ಚಕ್ರಕ್ಕೆ ಕಾಲೆತ್ತಿ ನಿಂತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಅವತ್ತಿನಿಂದ ಲಕ್ಕಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾಹೇಬರ ಅಡುಗೆಯವನನ್ನು ವಿಚಾರಿಸಿದಾಗ ಗೊತ್ತಾಯಿತು, ಹೆಬ್ಬಾಳದ ಕೆರೆಯ ಆಚೆ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ನಾಯಿಗಳಿಗೆ ಸ್ಕೂಲು ನಡೆಯುತ್ತದೆ, ಮಿಲಿಟರಿಯಿಂದ ನಿವೃತ್ತರಾದ ಹವಾಲ್ದಾರ್ ಜಿಯಾವುಲ್ಲಾ ಅಲ್ಲಿ ಮೇಷ್ಟ್ರು. ಮುಂದಿನ ಭಾನುವಾರವೇ ಲಕ್ಕಣ್ಣ ಸೈಕಲ್ಲಿನ ಹಿಂದೆ ದ್ರಾಕ್ಷಿಯ ಬುಟ್ಟಿ ಕಟ್ಟಿ, ಬುಟ್ಟಿಯೊಳಗೆ ಕೆಂಚನನ್ನು ಕೂರಿಸಿಕೊಂಡು ಹೊರಟ.

ಬಾಗಿಲಲ್ಲೇ ಸೊಣ್ಣಮ್ಮ ತಡೆದಳು. ನಾಯಿಯನ್ನು ಎತ್ತ ಸಾಗಿಸುತ್ತಿದ್ದೀಯ ಎಂದು ಕೇಳಿದಳು. ನಾಯಿಗೆ ಕೂರುವುದನ್ನು ಕಲಿಸಲು ಆರು ಮೈಲಿ ಹೋಗುತ್ತಿದ್ದೇನೆ ಎಂದರೆ ಸಂಜೆಯೊಳಗೆ ಅದು ಊರ ಹಾಡಾಗುತ್ತದೆ. ಮರ್ಯಾದೆಗಂಜಿದ ಲಕ್ಕಣ್ಣ ಬಾಯಿಗೆ ಬಂದದ್ದನ್ನು ಹೇಳಿದ. ಹೆಬ್ಬಾಳದಾಚೆ ಒಂದು ಭೈರವನ ಗುಡಿಯಿದೆ, ದ್ರಾಕ್ಷಿ ಚೆನ್ನಾಗಿ ಬರಲಿ ಎಂದು ಹರಕೆ ಹೊತ್ತಿದ್ದೇನೆ, ಸ್ವಾಮಿಯ ವಾಹನವನ್ನೇ ಕರೆದೊಯ್ದು ಪ್ರದಕ್ಷಿಣೆ ಹಾಕಿಸಬೇಕು ಎಂದ. ಭೈರವ ಅವರ ಮನೆದೇವರು, ನಾಯಿ ಭೈರವನ ವಾಹನ. ಜೀವಮಾನದಲ್ಲಿ ಮೊದಲ ಸಲ ಮಗನ ಮಾತು ಸೊಣ್ಣಮ್ಮನ ಕಿವಿಗೆ ಸರಿಯಾಗಿ ಬಿತ್ತು. ಅವಳು ಒಳಗಿನಿಂದ ಕುಂಕುಮ ತಂದು ನಾಯಿಯ ಹಣೆಗಿಟ್ಟು ಕಳಿಸಿದಳು.

ಬಯಲಿನಲ್ಲಿ ದೊಡ್ಡವರ ಮನೆಯ ನಾಯಿಗಳು ಸಾಲಾಗಿ ನಿಂತಿದ್ದವು. ಒಂದರ ಮೈಮೇಲೆ ರೇಷ್ಮೆಯಂಥ ಕೂದಲು, ಇನ್ನೊಂದಕ್ಕೆ ಕಾಲೇ ಇಲ್ಲವೇನೋ ಎಂಬಂಥ ಉದ್ದನೆಯ ಹೊಟ್ಟೆ. ಅವುಗಳ ಕೊನೆಗೆ ಕುಂಕುಮವಿಟ್ಟುಕೊಂಡ ಕೆಂಚ ನಿಂತಿತು. ಜಿಯಾವುಲ್ಲಾ ಸಾಹೇಬರು ಮೀಸೆ ತಿರುವಿ, ಕೆರೆಯ ಕೊಕ್ಕರೆಗಳೆಲ್ಲ ಏಳುವಂಥ ದನಿಯಲ್ಲಿ ‘ಸಿಟ್’ ಎಂದು ಗರ್ಜಿಸಿದರು. ಲಕ್ಕಣ್ಣ ದಡಕ್ಕನೆ ಕೂತ. ಕೆಂಚ ನಿಂತೇ ಇತ್ತು, ಯಜಮಾನನಿಗೆ ಏನಾಯಿತೋ ಎಂದು ಅವನ ಮುಖ ಮೂಸಿತು.

ಸಾಹೇಬರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. “ನೋಡು ಮಿಯಾ, ನಾಯಿ ಹುಷಾರಿದೆ. ಕಷ್ಟ ಇರೋದು ನಿನ್ನ ಹತ್ರ. ನೀನು ಹುಕುಂ ಕೊಡೋ ಬದಲು ಬೇಡಿಕೊಳ್ತೀಯ.”

ಅವರು ಹೇಳಿದ್ದು ನಿಜ. ಲಕ್ಕಣ್ಣ ‘ಸಿಟ್’ ಎಂದರೆ, ದಯವಿಟ್ಟು ಕೂತ್ಕೋ, ಆಗದಿದ್ದರೆ ಪರವಾಗಿಲ್ಲ ಎಂದಂತೆ ಕೇಳಿಸುತ್ತಿತ್ತು. ಆದರೂ ಭಾನುವಾರಗಳು ಕಳೆದಂತೆ ಕೆಂಚ ಕಲಿಯಿತು, ಬಹುಶಃ ಯಜಮಾನನ ಮೇಲಿನ ಕನಿಕರದಿಂದಲೇ. ‘ಸಿಟ್’ ಎಂದರೆ ಕೂರುವುದು. ‘ಷೇಕ್ ಹ್ಯಾಂಡ್’ ಎಂದರೆ ಬಲಗೈ ಕೊಡುವುದು. ದಿನಗಳೆದಂತೆ ಹೇಳುವುದೂ ಬೇಡವಾಯಿತು, ಯಾರು ಅಂಗೈ ಚಾಚಿದರೂ ಅದರ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ವಿದ್ಯೆ ಮೂರನೆಯದು. ತಟ್ಟೆಯಲ್ಲಿ ಮಾಂಸವೇ ಇದ್ದರೂ ಯಜಮಾನನ ಬಾಯಿಂದ ‘ಟೇಕ್’ ಎಂಬ ಮಾತು ಬರುವವರೆಗೆ ಮೂತಿ ಹಾಕಕೂಡದು. ಈ ಪಾಠ ಮುಗಿದ ದಿನ ಲಕ್ಕಣ್ಣ ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಹಾಡಿಕೊಂಡ. ತನ್ನ ಒಂದು ಮಾತಿಗಾಗಿ ಒಂದು ಜೀವ ಊಟ ಬಿಟ್ಟು ಕಾಯುತ್ತದೆಂದರೆ ಸುಮ್ಮನೆಯೇ?

ವಿದ್ಯೆಯನ್ನು ಊರಿಗೆ ತೋರಿಸುವ ಗಳಿಗೆಗಾಗಿ ಅವನು ಚಡಪಡಿಸುತ್ತಿದ್ದ. ಅದು ಅವನನ್ನು ಕೇಳದೆಯೇ ಬಂತು. ಪಕ್ಕದ ಹೊಲದ ಚಿಕ್ಕಹನುಮಯ್ಯ ಒಂದು ಬೆಳಿಗ್ಗೆ ಜಗಲಿಗೆ ಬಂದು ಸೊಣ್ಣಮ್ಮನ ಹತ್ತಿರ ಸಂಕಟ ತೋಡಿಕೊಂಡ. ಹೊಸ ಬಾವಿ ತೋಡಿಸಬೇಕು, ಗುಡಿಗೆ ಹೋಗಿ ಅಪ್ಪಣೆ ಕೇಳಿದರೆ ಮಧ್ಯಾಹ್ನವಾದರೂ ಹೂವೇ ಬೀಳಲಿಲ್ಲ ಎಂದ. ನಮ್ಮ ಕಡೆಯ ಕ್ರಮ ಗೊತ್ತಿದ್ದದ್ದೇ. ಪೂಜಾರಿ ಒದ್ದೆ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ. ಯಾವುದೂ ಬೀಳದಿದ್ದರೆ ಹಸಿದುಕೊಂಡು ಮನೆಗೆ ಬರುವುದು. “ಏರಿ ಕೆಳಗಡೆ ತೋಡಿದ್ರೆ ನೀರು ಬತ್ತದೋ ಇಲ್ವೋ, ಯಾರನ್ ಕೇಳಾನ ಏಳಮ್ಮ” ಎಂದು ಚಿಕ್ಕಹನುಮಯ್ಯ ಅಂಗೈ ಚಾಚಿದ.

ಅಲ್ಲೇ ಕೂತಿದ್ದ ಕೆಂಚ ತನ್ನ ಬಲಗೈ ಎತ್ತಿ ಆ ಅಂಗೈಯಲ್ಲಿಟ್ಟಿತು.

ಸೊಣ್ಣಮ್ಮ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. ವಾರವಾರ ಭೈರವನ ಗುಡಿ ಸುತ್ತಿದ ವಾಹನ, ಹಣೆಯಲ್ಲಿ ಕುಂಕುಮ, ಕೇಳಿದ ಕೂಡಲೇ ಬಲಗಡೆ. ಇನ್ನೇನು ಬೇಕು? “ಬಲಗಡೆ ಅಪ್ಪಣೆ ಕೊಟ್ಟವ್ನೆ ಕಣಪ್ಪ. ಓಗಿ ತೋಡ್ಸು” ಎಂದಳು. ಅದು ಅಪ್ಪಣೆಯಲ್ಲ ಷೇಕ್ ಹ್ಯಾಂಡು ಎಂದು ಲಕ್ಕಣ್ಣ ಹೇಳುವಷ್ಟರಲ್ಲಿ ಚಿಕ್ಕಹನುಮಯ್ಯ ಹಾರೆ ತರಲು ಓಡಿದ್ದ.

ನೀರು ಬಂತು. ಕೆರೆಯ ಏರಿಗಂಟಿದ ಆ ಹೊಲದಲ್ಲಿ ಕಡ್ಡಿಯಿಂದ ಕೆದಕಿದ್ದರೂ ನೀರು ಬರುತ್ತಿತ್ತು. ಆದರೆ ಅಂಥ ಸಮಯದಲ್ಲಿ ಇಂಥ ಮಾತು ಆಡುವವರನ್ನು ಯಾರೂ ಮೆಚ್ಚುವುದಿಲ್ಲ.

ಮರುದಿನದಿಂದ ಲಕ್ಕಣ್ಣನ ಜಗಲಿ ತುಂಬಿತು. ಮಗಳಿಗೆ ಗಂಡು ಸಿಗುತ್ತದೆಯೇ, ಎಮ್ಮೆ ಗಬ್ಬ ನಿಂತಿದೆಯೇ, ಯಲಹಂಕದ ಗಿರಣಿ ಮಾಲೀಕ ಸುಳ್ಳು ಹೇಳುತ್ತಿದ್ದಾನೆಯೇ ಎಂದು ಜನ ಅಂಗೈ ಚಾಚಿದರು. ಕೆಂಚ ಎಲ್ಲರಿಗೂ ಬಲಗೈ ಕೊಟ್ಟಿತು. ಎಡಗೈಯ ಪಾಠ ಜಿಯಾವುಲ್ಲಾ ಸಾಹೇಬರ ಕ್ರಮದಲ್ಲೇ ಇರಲಿಲ್ಲ. ಇಲ್ಲ ಎನ್ನದ ದೇವರು ಯಾರಿಗೆ ಬೇಡ? ಜಕ್ಕೂರಿನಿಂದಲೂ ಗಾಡಿ ಕಟ್ಟಿಕೊಂಡು ಬಂದರು. ಬಂದವರೆಲ್ಲ ಲಕ್ಕಣ್ಣನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದರು. ಅವನು ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಓಡಾಡುತ್ತ, ಅದು ಯಾರು ಕೈಚಾಚಿದರೂ ಕೊಡುತ್ತದೆ, ನೀವು ಕೇಳಿದ್ದು ಅದಕ್ಕೆ ತಿಳಿಯುವುದಿಲ್ಲ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದ. ಒಳಗೆ ಬಾಗಿಲ ಹಿಂದೆ ರಾಗಿ ಬೀಸುತ್ತಿದ್ದ ವೆಂಕಟಲಕ್ಷ್ಮಮ್ಮ ಎಂದಿನಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಎಡವಟ್ಟಾದದ್ದು ಹುಣಸೆ ಮರದಿಂದ. ಚಿಕ್ಕಹನುಮಯ್ಯನ ಹೊಲಕ್ಕೂ ನರಸಯ್ಯನ ಹೊಲಕ್ಕೂ ನಡುವೆ, ಬದುವಿನ ಮೇಲೆ ಒಂದು ಮರ. ಅದು ನಂದೇ ತಾನೆ ಎಂದು ಬೆಳಿಗ್ಗೆ ಚಿಕ್ಕಹನುಮಯ್ಯ ಕೇಳಿ ಬಲಗೈ ಪಡೆದ. ಅದು ನಂದೇ ತಾನೆ ಎಂದು ಸಂಜೆ ನರಸಯ್ಯನೂ ಕೇಳಿ ಬಲಗೈ ಪಡೆದ. ಮಾರನೆಯ ದಿನ ಇಬ್ಬರೂ ಭೈರವನ ಬಲದಿಂದ ಒಂದೇ ಮರವನ್ನು ಎರಡು ಕಡೆಯಿಂದ ಹತ್ತಿದರು. ತುದಿಯಲ್ಲಿ ಭೇಟಿಯಾದರು. ಮಾತಿಗೆ ಮಾತು ಬೆಳೆದು, ಇಬ್ಬರ ಭಾರವನ್ನೂ ಹೊರಲಾರದೆ ಕೊಂಬೆ ತನ್ನ ತೀರ್ಪು ಕೊಟ್ಟಿತು. ಒಬ್ಬನಿಗೆ ಮೊಣಕೈ ಹೋಯಿತು, ಇನ್ನೊಬ್ಬನಿಗೆ ಸೊಂಟ. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಮಲಗಿಸಿ ಪಟೇಲ್ ಮುನಿಗಂಗಪ್ಪನವರ ಮನೆಯ ಮುಂದಕ್ಕೆ ತಂದರು.

ಪಟೇಲರು ಬಹಳ ಹೊತ್ತು ಯೋಚಿಸಿದರು. ದೇವರು ಎರಡು ಮಾತಾಡುವುದಿಲ್ಲ. ಆಡಿದ್ದಾನೆ ಎಂದರೆ ದೋಷ ದೇವರಲ್ಲಿಲ್ಲ, ಅವನನ್ನು ಇಟ್ಟುಕೊಂಡ ಮನೆಯಲ್ಲಿದೆ. ಲಕ್ಕಣ್ಣನ ಮನೆಯ ಎಂಜಲು ತಿಂದು, ಲಕ್ಕಣ್ಣನ ಸಹವಾಸ ಮಾಡಿ ಸ್ವಾಮಿಯ ಮಾತು ಕೆಟ್ಟಿದೆ. ಆದ್ದರಿಂದ ಬರುವ ಅಮಾವಾಸ್ಯೆಗೆ ಕೆಂಚನನ್ನು ಊರ ಭೈರವನ ಗುಡಿಗೆ ಒಪ್ಪಿಸತಕ್ಕದ್ದು, ಅಲ್ಲಿಂದಾಚೆಗೆ ಅದು ಗುಡಿಯಲ್ಲೇ ಇರತಕ್ಕದ್ದು, ಲಕ್ಕಣ್ಣ ಹತ್ತಿರ ಸುಳಿಯಕೂಡದು ಎಂದು ತೀರ್ಮಾನ ಕೊಟ್ಟರು.

ಲಕ್ಕಣ್ಣ ಗುಂಪನ್ನು ಸೀಳಿಕೊಂಡು ಪಟೇಲರ ಮುಂದೆ ಬಂದ. ಇದ್ದದ್ದೊಂದು ಜೀವ ತನ್ನ ಮಾತು ಕೇಳುತ್ತಿತ್ತು, ಅದೂ ಹೋದರೆ ಅವನು ದಿನ ಬೆಳಗಾದರೆ ಯಾರ ಹತ್ತಿರ ಮಾತಾಡಬೇಕು? ಮರ್ಯಾದೆ ಹೋದರೆ ಹೋಗಲಿ ಎಂದು ಸತ್ಯವನ್ನೆಲ್ಲ ಕಕ್ಕಿದ. ಹರಕೆಯೂ ಇಲ್ಲ, ಗುಡಿಯೂ ಇಲ್ಲ, ಭಾನುವಾರ ಹೋದದ್ದು ನಾಯಿಗಳ ಸ್ಕೂಲಿಗೆ, ಅಲ್ಲಿ ಕೈ ಕೊಡುವುದನ್ನು ಕಲಿಸಿದರು ಎಂದ.

ಸೇರಿದ್ದ ಊರು ಗೊಳ್ಳೆಂದು ನಕ್ಕಿತು. ಪಟೇಲರು ಮಾತ್ರ ನಗಲಿಲ್ಲ. “ಲೋ ಲಕ್ಕಣ್ಣ, ನಿನ್ ಮಗನ್ನ ಮೂರ್ನೇ ಕ್ಲಾಸಿಗೇ ಬಿಡ್ಸಿ ದನ ಕಾಯಕ್ ಆಕಿದ್ದೀಯ. ನಾಯ್ನ ಎಬ್ಬಾಳಕ್ ಕಳ್ಸಿ ಇಸ್ಕೂಲ್ ಓದಿಸ್ದೆ ಅಂದ್ರೆ ನಾವು ನಂಬ್ಬೇಕಾ?” ಎಂದರು.

ಲಕ್ಕಣ್ಣ ಸೈಕಲ್ ಹತ್ತಿದ. ಚೈನು ಕಳಚಿದ್ದನ್ನೂ ನೋಡದೆ ಒಂದಷ್ಟು ಹೊತ್ತು ಬರಿದೇ ತುಳಿದ. ಹೆಬ್ಬಾಳಕ್ಕೆ ಹೋಗಿ ಜಿಯಾವುಲ್ಲಾ ಸಾಹೇಬರ ಕಾಲಿಗೆ ಬಿದ್ದು, ಬಂದು ಸಾಕ್ಷಿ ಹೇಳಬೇಕೆಂದು ಬೇಡಿದ. ಸಾಹೇಬರು ಕರುಣಾಳು. ಹಳೆಯ ಯೂನಿಫಾರಂ ಇಸ್ತ್ರಿ ಮಾಡಿಸಿ, ಎದೆಗೆ ಮೆಡಲುಗಳನ್ನು ಸಿಕ್ಕಿಸಿಕೊಂಡು ಮರುದಿನ ಕೋಗಿಲಿಗೆ ಬಂದಿಳಿದರು.

ಅರಳಿಕಟ್ಟೆಯ ಮುಂದೆ ಊರು ಸೇರಿತ್ತು. ಭಾಷಣಕ್ಕಿಂತ ಪ್ರಯೋಗ ಮೇಲೆಂದು ಸಾಹೇಬರು ಕೆಂಚನನ್ನು ಎದುರಿಗೆ ನಿಲ್ಲಿಸಿ, ಮಿಲಿಟರಿಯ ಪೂರ್ತಿ ದನಿಯಲ್ಲಿ ‘ಸಿಟ್’ ಎಂದರು. ಕೆಂಚ ಕೂತಿತು. ಅದರ ಹಿಂದೆ ಊರೂ ಕೂತಿತು. ಪಟೇಲರು ಕೂಡ ಕಟ್ಟೆಯ ಮೇಲೆ ಜಾಗ ಸಾಲದೆ ಕೆಳಗೇ ಕೂತರು. ಇಷ್ಟು ಜನ ಒಂದೇ ಮಾತಿಗೆ ಕೂತದ್ದನ್ನು ಕೋಗಿಲು ಹಿಂದೆಂದೂ ಕಂಡಿರಲಿಲ್ಲ. ಸೊಣ್ಣಮ್ಮ, ಸಾಯೇಬ್ರ ಬಾಯಲ್ಲಿ ಮಂತ್ರ ಐತೆ ಎಂದು ನಿಟ್ಟುಸಿರಿಟ್ಟಳು.

ಅಷ್ಟೇ ಸಾಕಾಯಿತು. ಹೆಂಗಸರು ರಚ್ಚೆ ಹಿಡಿದ ಕೂಸುಗಳನ್ನು ಎತ್ತಿಕೊಂಡು ಬಂದು, ಮಸೀದಿಯ ಮುಂದೆ ನಿಲ್ಲುವಂತೆ ಸಾಹೇಬರ ಮುಂದೆ ಸಾಲುಗಟ್ಟಿದರು, ಮಂತ್ರಿಸಿ ಸ್ವಲ್ಪ ಊದಿಕೊಡಿ ಎಂದರು. ತಾನು ಬರೀ ಹವಾಲ್ದಾರ ಎಂದು ಅವರು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. ಕೊನೆಗೆ ಪಾಪ, ಮಕ್ಕಳು ಅಳುವುದನ್ನು ನೋಡಲಾರದೆ ಊದಿದರು. ದೊಡ್ಡ ಮೀಸೆ ಕಂಡು ಹೆದರಿದ ಮಕ್ಕಳು ಸುಮ್ಮನಾದವು. ಆಮೇಲೆ ಪಟೇಲರ ಮನೆಯಲ್ಲಿ ಒಬ್ಬಟ್ಟಿನ ಊಟವಾಯಿತು. ಹೊರಡುವಾಗ ಸಾಹೇಬರು ಲಕ್ಕಣ್ಣನನ್ನು ಪಕ್ಕಕ್ಕೆ ಕರೆದು, ನಾಯಿಗಳಾದರೆ ಒಂದು ಕೈ ನೋಡಬಹುದಿತ್ತು, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ಹೇಳಿ ಹೆಬ್ಬಾಳದ ಬಸ್ಸು ಹತ್ತಿದರು.

ಅಮಾವಾಸ್ಯೆ ಬಂತು. ಕೆಂಚನಿಗೆ ಅರಿಶಿನದ ನೀರಿನಲ್ಲಿ ಸ್ನಾನವಾಯಿತು, ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಗುಡಿಯ ಮುಂದೆ ಮಣೆ ಹಾಕಿ ಕೂರಿಸಿ, ಎದುರಿಗೆ ಬಾಳೆಯೆಲೆಯಲ್ಲಿ ಮುದ್ದೆ, ಮಾಂಸದ ಸಾರು ಬಡಿಸಿದರು. ಸ್ವಾಮಿ ಮೊದಲು ಉಂಡ ಮೇಲೆಯೇ ಊರಿನ ಊಟ. ಹಿಂದೆ ಹಂಡೆಗಳಲ್ಲಿ ಸಾರು ಕುದಿಯುತ್ತಿತ್ತು, ಎಲೆ ಹಾಕಿಕೊಂಡು ಜನ ಕೂತಿದ್ದರು.

ಕೆಂಚ ಉಣ್ಣಲಿಲ್ಲ. ಎಲೆಯನ್ನು ನೋಡಿತು, ಎದ್ದು ಕತ್ತು ನಿಗುರಿಸಿ ಜನರ ನಡುವೆ ಯಜಮಾನನನ್ನು ಹುಡುಕಿತು, ಕಂಡ ಮೇಲೆ ಕೂತು ಅವನ ಬಾಯನ್ನೇ ನೋಡತೊಡಗಿತು.

ಲಕ್ಕಣ್ಣನಿಗೆ ಮಿಂಚು ಹೊಳೆದಂತಾಯಿತು. ತಾನು ‘ಟೇಕ್’ ಎನ್ನದಿದ್ದರೆ ಅದು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಸ್ವಾಮಿಗೆ ಈ ಜಾಗ ಒಗ್ಗಲಿಲ್ಲವೆಂದು ಮನೆಗೆ ಕಳಿಸಿಯೇ ಕಳಿಸುತ್ತಾರೆ. ಅವನು ಎರಡೂ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ಆದರೆ ಕೆಂಚನ ಬಾಯಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತಿತ್ತು, ಮೈ ನಡುಗುತ್ತಿತ್ತು, ಕಣ್ಣು ಮಾತ್ರ ಅವನ ಮೇಲಿಂದ ಕದಲಲಿಲ್ಲ. ಲಕ್ಕಣ್ಣ ಒಂದು ಕಾಲಿನ ಮೇಲೊಮ್ಮೆ ಇನ್ನೊಂದು ಕಾಲಿನ ಮೇಲೊಮ್ಮೆ ನಿಂತ. ಕೂತ, ಎದ್ದ. ಬಾಯಿಗೆ ಟವೆಲು ತುರುಕಿಕೊಂಡ. ಹೊತ್ತು ನೆತ್ತಿಗೇರಿತು, ಮಕ್ಕಳು ಅಳತೊಡಗಿದವು, ಹಸಿದ ಊರು ಗೊಣಗತೊಡಗಿತು.

ಕೊನೆಗೆ ಪಟೇಲರು ಎದ್ದು ಬಂದು ಕೆಂಚನ ಮುಂದೆ ಕುಕ್ಕರಗಾಲಲ್ಲಿ ಕೂತರು. “ಸ್ವಾಮಿ, ನಿಂಗೆ ಯಾರ್ ಮೇಲಾರಾ ಕ್ವಾಪ ಐತಾ?” ಎಂದು ಅಂಗೈ ಚಾಚಿದರು. ಕೆಂಚ ಬಲಗೈ ಕೊಟ್ಟಿತು. ಪಟೇಲರು ಮತ್ತೆ ಅಂಗೈ ಚಾಚಿ, “ಲಕ್ಕಣ್ಣನ ಮೇಲಾ?” ಎಂದರು. ಕೆಂಚ ಲಕ್ಕಣ್ಣನನ್ನೇ ನೋಡುತ್ತ ಬಲಗೈ ಕೊಟ್ಟಿತು.

ಊರಿನ ಕಣ್ಣೆಲ್ಲ ಲಕ್ಕಣ್ಣನ ಕಡೆ ತಿರುಗಿತು. ಟವೆಲು ಬಾಯಲ್ಲಿದ್ದದ್ದರಿಂದ ಅವನಿಗೆ ತನ್ನ ಕಡೆಯ ಮಾತನ್ನು ಹೇಳಲಾಗಲಿಲ್ಲ. ಹಿಂದಿನ ಸಾಲಿನಿಂದ ಯಾರೋ, ಹಾಗಾದರೆ ಅವನು ಊರು ಬಿಡಬೇಕೋ ಏನೋ, ಅದನ್ನೂ ಕೇಳಿಬಿಡಿ ಎಂದರು. ಪಟೇಲರು ಗಂಟಲು ಸರಿಮಾಡಿಕೊಂಡು ಮತ್ತೆ ಅಂಗೈ ಎತ್ತಿದರು. ಆ ಅಂಗೈ ಮುಂದೆ ಬಂದರೆ ಉತ್ತರ ಏನೆಂದು ಆ ಜಾಗದಲ್ಲಿ ತಿಳಿದಿದ್ದವರು ಇಬ್ಬರೇ. ಒಬ್ಬ ಲಕ್ಕಣ್ಣ.

ಇನ್ನೊಬ್ಬಳು ಹೆಂಗಸರ ಗುಂಪಿನಿಂದ ಎದ್ದು ಬಂದಳು. ವೆಂಕಟಲಕ್ಷ್ಮಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಪಟೇಲರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವರು ಏನೆನ್ನುವುದಕ್ಕೂ ಮೊದಲು ಕೆಂಚನ ಮುಂದೆ ಕೂತು ತನ್ನ ಅಂಗೈ ಚಾಚಿದಳು. “ಭೈರವಪ್ಪ, ನಮ್ಮನೆಗೇ ವಾಪಸ್ ಬತ್ತೀಯಾ?” ಎಂದಳು.

ಕೆಂಚ ಬಲಗೈ ಕೊಟ್ಟಿತು.

ಪಟೇಲರಿಗೆ ದಿಕ್ಕು ತೋಚಲಿಲ್ಲ. ಗುಡಿ ಸುಣ್ಣ ಕಂಡಿದೆ, ಹಂಡೆಗಳು ಒಲೆ ಏರಿವೆ. ಸುಮ್ಮನಿರಬೇಕಿತ್ತು, ಇರಲಿಲ್ಲ. ಹೆಂಗಸು ಕೇಳಿದ ಅಪ್ಪಣೆ ನಡೆಯುತ್ತದೋ ಇಲ್ಲವೋ ಎಂಬ ಸಂಶಯಕ್ಕೆ ಬಿದ್ದು, ಈಯಮ್ಮ ಕೇಳಿದ್ದು ಸರಿಯಾ ಸ್ವಾಮಿ ಎಂದು ತಾವೇ ಅಂಗೈ ಚಾಚಿದರು. ಕೆಂಚ ಅವರಿಗೂ ಬಲಗೈ ಕೊಟ್ಟಿತು. ಪಟೇಲರು ಎದ್ದು ಮಣ್ಣು ಕೊಡವಿಕೊಂಡು, ಆಯ್ತು, ಕರ್ಕೊಂಡ್ ಓಗಮ್ಮ ಎಂದರು.

ಲಕ್ಕಣ್ಣ ಟವೆಲು ಕಿತ್ತೆಸೆದು ಓಡಿಬಂದು ಕೆಂಚನನ್ನು ತಬ್ಬಿಕೊಂಡ. ಅಳು ಬಂತು, ನಾಚಿಕೆಯನ್ನೂ ಪಡಲಿಲ್ಲ. ಗಂಟಲು ಬಿಟ್ಟು ‘ಟೇಕ್’ ಎಂದ. ಹವಾಲ್ದಾರರು ಕೇಳಿದ್ದರೆ ಮೆಚ್ಚುತ್ತಿದ್ದರು, ಅದು ಹುಕುಮೇ ಆಗಿತ್ತು. ಕೆಂಚ ಮುದ್ದೆ, ಮಾಂಸ, ಸಾರು ಮುಗಿಸಿ ಬಾಳೆಯೆಲೆಯನ್ನೂ ನೆಕ್ಕಿತು. ಊರು ಎಲೆಯ ಕಡೆ ತಿರುಗಿತು, ಬಡಿಸುವವರು ಸೌಟು ಎತ್ತಿದರು.

ವೆಂಕಟಲಕ್ಷ್ಮಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ. ನನ್ನ ಇನ್ನೊಂದು ಮಾತಿದೆ ಎಂದಳು. ಬಡಿಸುವವರ ಸೌಟು ಅರ್ಧಕ್ಕೆ ನಿಂತಿತು. ಅವಳು ಗಂಡನ ಕಡೆ ಒಮ್ಮೆ ನೋಡಿ, ಕೆಂಚನ ಮುಂದೆ ಮತ್ತೆ ಅಂಗೈ ಚಾಚಿದಳು. “ಇನ್ಮೇಲೆ ಮನೇಲಿ ಇವ್ರು ನಾನೇಳ್ದಂಗೆ ಕೇಳ್ಬೇಕಾ ಸ್ವಾಮಿ?”

ಹೊಟ್ಟೆ ತುಂಬಿದ ಕೆಂಚನಿಗೆ ನಿದ್ದೆ ಎಳೆಯುತ್ತಿತ್ತು. ಕಣ್ಣು ಅರೆಮುಚ್ಚಿ, ಚಾಚಿದ ಅಂಗೈಯನ್ನೂ ಗಮನಿಸದೆ ಸುಮ್ಮನೆ ಕೂತಿತ್ತು. ಒಂದು ಗಳಿಗೆ ಹಾಗೇ ಬಿಟ್ಟಿದ್ದರೆ ಮಲಗಿಯೇ ಬಿಡುತ್ತಿತ್ತೇನೋ. ಲಕ್ಕಣ್ಣನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಈಗಷ್ಟೇ ಸಿಕ್ಕ ಹೊಸ ದನಿಯಲ್ಲಿ, ಇಡೀ ಗುಡಿಯ ಬಯಲಿಗೆ ಕೇಳಿಸುವಂತೆ ಕೂಗಿದ. “ಕೆಂಚಾ, ಷೇಕ್ ಹ್ಯಾಂಡ್ ಬ್ಯಾಡ.”

ಯಜಮಾನನ ಹುಕುಂ ಕಿವಿಗೆ ಬಿದ್ದದ್ದೇ ತಡ, ಕೆಂಚ ಕಣ್ಣು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಲಿತ ವಿದ್ಯೆಯನ್ನು ಒಂದಿಷ್ಟೂ ಮರೆಯದೆ ಬಲಗೈ ಎತ್ತಿ ವೆಂಕಟಲಕ್ಷ್ಮಮ್ಮನ ಅಂಗೈಯಲ್ಲಿಟ್ಟಿತು. ಊರೆಲ್ಲ ಕೈಮುಗಿಯಿತು. ಬೇರೆ ದಾರಿ ಕಾಣದೆ ಲಕ್ಕಣ್ಣನೂ ಮುಗಿದ.